ನಡುವೆ ಹುಟ್ಟಿದವರು

ಹಿಪ್ಪರಗಿ ಹೊಳೆಯ ನಡುಗಡ್ಡೆ
ಬಹುಧಾನ್ಯ ಸಂವತ್ಸರ, ಕಾರ್ತಿಕ ಬಹುಳ ಪಂಚಮಿ (ಇಸವಿ 1938)

ಜೀವದ ಗೆಳತಿ ಅನುಸೂಯಾಳಿಗೆ,

ನಿನ್ನ ಹೀರಾ ಗಡ್ಡೆಯಿಂದ ಕೈಮುಗಿದು ಬರೆಯುತ್ತಿದ್ದಾಳೆ. ನಾನು, ನನ್ನ ಗಂಡ ಗಿರಮಲ್ಲಪ್ಪ ಇಬ್ಬರೂ ಆರಾಮ. ನೀನು ಬೀಳಗಿಯ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿದುಕೊಂಡು, ಯಾರ ಹಂಗೂ ಇಲ್ಲದೆ ಇದ್ದೀಯೆಂದು ನಿನ್ನ ಕಾಗದ ಹೇಳಿತು. ಸತ್ತಳೆಂದು ಅತ್ತು ಮುಗಿಸಿದವಳ ಕೈಬರಹ ಓದುವುದು ಎಂಥದ್ದೆಂದು ಹೇಗೆ ಹೇಳಲಿ? ಮೊದಲ ಸಲ ಓದಿದಾಗ ಕಾಗದವನ್ನು ನೆಲದ ಮೇಲೆ ಬಿಟ್ಟು, ದೂರ ಸರಿದು ಗೋಡೆಗೆ ಬೆನ್ನು ಕೊಟ್ಟು ಕೂತೆ.

ಉತ್ತರ ತಡವಾಯಿತು, ಸಿಟ್ಟಾಗಬೇಡ. ಅಂಬಿಗರ ಕಾಮಣ್ಣ ಹೊಳೆಯ ನಡುವಿನ ಬಂಡೆಯ ಮೇಲೆ ಉಪ್ಪು, ನೂಲು, ಚಿಮಣಿ ಎಣ್ಣೆ ಇಟ್ಟು, ನಾವು ಇಟ್ಟ ಸೀರೆ, ಸೇಂಗಾ ಎತ್ತಿಕೊಳ್ಳುವುದು ಈಗಲೂ ನಡೆದಿದೆ. ಅವನ ಅಪ್ಪ ಮಾಡುತ್ತಿದ್ದ ಕೆಲಸವನ್ನು ಈಗ ಅವನು ಮಾಡುತ್ತಾನೆ. ಮುಂಗಾರಿನ ಮಿರಗದ ಮಳೆ ಹಿಡಿದ ದಿನ ಅವನು ಹರಿಗೋಲಿನಿಂದಲೇ ಕೂಗಿದ: "ಹೀರವ್ವಾ, ಉಪ್ಪಿನ ಚೀಲದಾಗ ಒಂದ್ ಕಾಗದ ಐತಿ. ಅಂಜಬ್ಯಾಡ, ಕೊಟ್ಟಾಕಿ ಜೀವಂತ ಅದಾಳ." ಆಮೇಲೆ ಹೊಳೆ ಬಂತು. ದಸರೆ ಕಳೆದರೂ ನೀರು ಇಳಿಯಲಿಲ್ಲ. ಈಗ ಬಂಡೆಯ ನೆತ್ತಿ ಕಾಣುತ್ತಿದೆ, ಬರೆಯುತ್ತಿದ್ದೇನೆ.

ನೀನು ಕೇಳಿದ್ದು ಒಂದೇ ಮಾತು. ನಿನ್ನ ಕೂಸು ಬದುಕಿದೆಯೇ ಎಂದು. ಬದುಕಿದೆ, ಅನುಸೂಯಾ. ಕಾಮಣ್ಣ ನಿನಗೆ ಹೇಳಿದ್ದು ಖರೆ. ನಿನ್ನ ಹಾಗೆಯೇ ಹುಬ್ಬು, ನಿನ್ನ ಹಾಗೆಯೇ ಎಡಗೈಯಲ್ಲಿ ಲಾಳಿ ಎಸೆಯುತ್ತಾಳೆ. ನೇಕಾರರ ದೇವಿ ಎಂದು ಬನಶಂಕರಿ ಎಂದೇ ಹೆಸರಿಟ್ಟೆವು. ನಿನ್ನ ರಾಚಪ್ಪ ಹೊಳೆಯ ಪಾಲಾಗುವ ಮೊದಲು ಆ ಹೆಸರು ಹೇಳಿದ್ದನಲ್ಲ.

ನಿನಗೆ ಬಾಣಂತಿ ಜ್ವರ ಏರಿ ತೊಡೆಯಲ್ಲಿ ಪ್ಲೇಗಿನ ಗಂಟು ಕಂಡಿತೆಂದು ಗಡ್ಡೆಯ ಬಾಲದ ಗುಡಿಸಲಿಗೆ ಹಾಕಿದರು. ನೀರು ಏರಿ ಗುಡಿಸಲು ಮುಳುಗುವಾಗ ನಿನ್ನನ್ನು ಹರಿಗೋಲಿನಲ್ಲಿ ಮಲಗಿಸಿ ದಂಡೆಗೆ ಬಿಟ್ಟರು. ನಾನು ಬಿಡಿಸಿಕೊಂಡು ಓಡಬಾರದೆಂದು ನಾಲ್ವರು ನನ್ನ ತೋಳು ಹಿಡಿದಿದ್ದರು. ನನ್ನ ಕೂಸು ಕಣ್ಣು ಬಿಡದೆ ಹೋದ ವಾರ ಅದು, ನೆನಪಿದೆಯೇ? ಹಾಲು ನಿಂತಿರಲಿಲ್ಲ. ನಿನ್ನ ಕೂಸನ್ನು ನನ್ನ ಮಡಿಲಿಗೆ ಹಾಕಿದರು. ನೀನು ದಂಡೆ ಮುಟ್ಟುವ ಮೊದಲೇ ಜೀವ ಬಿಟ್ಟೆಯೆಂದು ನಮಗೆ ಹೇಳಿದರು. ನಿನಗೆ ಕೂಸು ಸತ್ತಿತೆಂದು ಹೇಳಿ ಕಳಿಸಿದ್ದರೆಂಬುದು ನಿನ್ನ ಕಾಗದ ಓದಿದ ಮೇಲೆಯೇ ನನಗೆ ತಿಳಿದದ್ದು.

ನೇರವಾಗಿ ಪಾರಿಸಪ್ಪಜ್ಜನ ಹತ್ತಿರ ಹೋದೆ. ಅಜ್ಜನಿಗೆ ಈಗ ಬೆನ್ನು ಬಾಗಿದೆ, ದನಿ ಬಾಗಿಲ್ಲ. ಕಾಗದ ತೋರಿಸಿದೆ. ಮುಟ್ಟಲಿಲ್ಲ.

"ನಾನ ಹೇಳಿ ಕಳಿಸಿದ್ದೆ," ಅಂದ. "ಎರಡೂ ಕಡಿ ಅಳು ಒಮ್ಮೆ ಮುಗೀಲಿ ಅಂತ. ಜೀವಂತ ಅದಾರ ಅಂದಿದ್ರ ಒಬ್ಬರನ್ನೊಬ್ಬರು ಹುಡುಕತಿದ್ರಿ. ನೀವು ಹುಡುಕಾಕ ಹೊಂಟಿದ್ರ ನಮ್ಮ ನಾವಿ ಮುಣಗತಿತ್ತು."

ಅವನಿಗೆ ಇದು ಇನ್ನೂ ನಾವೆಯೇ. ಪ್ಲೇಗಿನ ವರ್ಷ ನಾವಿಬ್ಬರೂ ಅವ್ವಂದಿರ ಸೊಂಟದ ಮೇಲೆ ಕೂತು ದಾಟಿ ಬಂದವರು. ತೇರದಾಳದ ವ್ಯಾಪಾರಿ ಪಾರಿಸಪ್ಪ ತನ್ನ ಹೆಂಡತಿ ಮಕ್ಕಳ ಹೆಣಗಳನ್ನೆಲ್ಲ ಸುಟ್ಟು, ರಬಕವಿ ಬನಹಟ್ಟಿಯ ಉಳಿದ ನೇಕಾರರನ್ನು, ಹೊಲದವರನ್ನು, ಕುರುಬರನ್ನು ಜಾತಿ ಕೇಳದೆ ನಾವೆಗೆ ಹತ್ತಿಸಿಕೊಂಡ. 'ಇದು ನೆಲ ಅಲ್ಲ, ನಾವಿ. ನಾವಿಯೊಳಗ ಕುಂತವರು ಕಾಲು ಹೊರಗ ಇಡಬಾರದು' ಎಂದು ಅಂದು ಹೇಳಿದ್ದನ್ನು ನಮ್ಮ ಅವ್ವಂದಿರು ನಮಗೆ ಜೋಗುಳದ ಹಾಗೆ ಹೇಳಿದರು. ಹೊರಗಿನಿಂದ ಬಂದವರು ಮೂರು ವಾರ ಬಾಲದ ಗುಡಿಸಲಿನಲ್ಲಿರಬೇಕು. ಹೊರಗೆ ಹೋದವರು ತಿರುಗಿ ಬರುವಂತಿಲ್ಲ. ಫಾಲ್ಗುಣದ ಅಮಾವಾಸ್ಯೆಯ ಸಂಜೆ, ನಾವು ಹೊಳೆ ದಾಟಿದ ದಿನ, ಪ್ಲೇಗಿನಲ್ಲಿ ಸತ್ತವರ ಹೆಸರುಗಳನ್ನು ನೀರಿಗೆ ಮುಖ ಮಾಡಿ ಕೂಗಬೇಕು. ಆ ಸಾಲಿನ ಕೊನೆಯ ಹೆಸರು ನಿನ್ನದು. ನಿನ್ನ ಮಗಳು ಪ್ರತಿ ವರ್ಷ ಕೈಯಲ್ಲಿ ನೀರು ಹಿಡಿದು, 'ಅನುಸೂಯಾ' ಎಂದಾಗ ಎಲ್ಲರ ಜೊತೆ 'ಹೋದಳು' ಎಂದು ನೀರು ಬಿಡುತ್ತಾಳೆ. ಅದು ಯಾರೆಂದು ಆಕೆಗೆ ಗೊತ್ತಿಲ್ಲ.

ಪ್ಲೇಗು ಹೋಗಿ ಎಷ್ಟೋ ವರ್ಷ ಆಯಿತೆಂದು ಎಲ್ಲರಿಗೂ ಗೊತ್ತಿದೆ. ಆದರೆ ಇಲ್ಲಿ ಹುಟ್ಟಿದ ಮಕ್ಕಳಿಗೆ ದಂಡೆ ಎಂದರೆ ಸತ್ತವರ ಊರು. ಸಂಜೆ ಆ ಕಡೆ ಒಲೆಯ ಹೊಗೆ ಏಳುತ್ತದಲ್ಲ, ಅದನ್ನು ಕಂಡು 'ಇವತ್ತೆಷ್ಟು ಹೆಣ ಸುಡಾಕತ್ತಾರ ನೋಡು' ಎಂದು ಎಣಿಸಿ ಆಡುತ್ತವೆ. ನಾವು ಕಲಿಸಿದ್ದಲ್ಲ. ಅಜ್ಜಂದಿರು ಕಂಡ ಹೊಗೆ ಅದು, ಮೊಮ್ಮಕ್ಕಳ ಕಣ್ಣಲ್ಲಿ ಉಳಿದಿದೆ.

ನಾನು ಈಗ ಸೂಲಗಿತ್ತಿ. ಯಾರ ಹೊಟ್ಟೆಯಲ್ಲಿ ಯಾರ ಮಗ ಎಂಬುದೆಲ್ಲ ನನ್ನ ತಲೆಯಲ್ಲಿದೆ. ಅದೇ ನನಗೆ ಹೆದರಿಕೆ. ಬಂದಾಗ ಅರವತ್ತರ ಮೇಲಿದ್ದೆವು, ಈಗ ನಲವತ್ತೂ ಇಲ್ಲ. ಕಮ್ಮಾರ ಯಾರಿಗೂ ಕಲಿಸದೆ ಸತ್ತ, ಅವನ ಕೆಲಸ ಅವನ ಜೊತೆ ಹೋಯಿತು. ಅದು ಹೋದರೆ ಹೋಗಲಿ, ಕಾಮಣ್ಣ ಕುಡಗೋಲು ತಂದುಕೊಟ್ಟಾನು. ಮನುಷ್ಯರನ್ನು ಯಾರು ತರುತ್ತಾರೆ? ಮುಧೋಳದ ಜೋಡಿ ನಾಯಿ ತಂದಿದ್ದರಲ್ಲ, ಉದ್ದ ಕಾಲಿನವು, ನಾವು ಮಕ್ಕಳಿದ್ದಾಗ ಅವುಗಳ ಹಿಂದೆ ಓಡುತ್ತಿದ್ದೆವು. ಅವುಗಳ ಮರಿಗೆ ಮರಿ, ಅದರ ಮರಿಗೆ ಮರಿ, ಎಲ್ಲ ತಮ್ಮತಮ್ಮಲ್ಲೇ. ಕಡೆಕಡೆಗೆ ಮರಿಗಳು ಕುರುಡಾಗಿ ಹುಟ್ಟಿದವು. ಆಮೇಲೆ ಹುಟ್ಟಲೇ ಇಲ್ಲ. ಈಗ ಗಡ್ಡೆಯಲ್ಲಿ ನಾಯಿ ಬೊಗಳುವುದಿಲ್ಲ. ಸಂಜೆ ಆ ನಿಶ್ಶಬ್ದ ನಿನಗೆ ಕೇಳಿಸಬೇಕು, ಅನುಸೂಯಾ.

ಕರೆವ್ವನ ಮಗ ರೇವಪ್ಪನಿಗೆ ಕಿವಿ ಕೇಳುವುದಿಲ್ಲ, ಮಾತಿಲ್ಲ. ಒಳ್ಳೆಯ ಹುಡುಗ, ಕೈ ಬಹಳ ಚುರುಕು. ಅವನ ಹಿಂದೆ ಗಡ್ಡೆಯ ಬೇರೆ ಮನೆಗಳಲ್ಲಿ ಹಾಗೆಯೇ ಇನ್ನೂ ಮೂರು ಮಕ್ಕಳು ಹುಟ್ಟಿವೆ. ಈಗ ಹಿರಿಯರು ಬನಶಂಕರಿಗೆ ರೇವಪ್ಪನನ್ನೇ ಗೊತ್ತು ಮಾಡಿದ್ದಾರೆ. ಒಂದು ಕಡೆಯಿಂದ ಸೋದರಮಾವನ ಮಗ, ಒಂದು ಕಡೆಯಿಂದ ಕಾಕಾ, ಇನ್ನೊಂದು ಕಡೆಯಿಂದ ಅಣ್ಣ ಆಗಬೇಕು. ಬೇರೆ ಗಂಡು ಇಲ್ಲ. ನಾನು ಬೇಡ ಎಂದೆ, ಹೊರಗಿನ ರಕ್ತ ಬರಬೇಕು ಎಂದೆ. ಯಾರೂ ಸಿಟ್ಟಾಗಲಿಲ್ಲ. ನನ್ನ ಮುಖವನ್ನೇ ನೋಡದೆ ಎದ್ದುಹೋದರು. ಕರೆವ್ವ ಮಾತ್ರ ಹಿಂದೆ ಬಂದು, "ಹೊರಗಿನವರು ನಮ್ಮನ್ನ ಯಾರಂತ ಮಾಡ್ಕೋತಾರಬೇ? ನಾ ಯಾವ ಜಾತ್ಯಾಕಿ ಈಗ, ನೀನ ಹೇಳು" ಎಂದಳು. ಆಕೆಯ ಅಪ್ಪ ಕುರುಬ, ಅವ್ವ ನೇಕಾರಳು, ಗಂಡನ ಮನೆಯವರು ಜೈನರು.

ಮಗಳಿಗೆ ನಿನ್ನ ವಿಷಯ ಇನ್ನೂ ಹೇಳಿಲ್ಲ. ಹೇಗೆ ಹೇಳಲಿ, ಬರೆ. ನಿನಗೆ ಒಳ್ಳೆಯದಾಗಲಿ.

ನಿನ್ನ
ಹೀರಾ

*

ನಡುಗಡ್ಡೆ
ಪ್ರಮಾಥಿ ಸಂವತ್ಸರ, ಚೈತ್ರ ಶುದ್ಧ ತದಿಗೆ (ಇಸವಿ 1939)

ಅನುಸೂಯಾ,

ಕ್ಷೇಮ ಸಮಾಚಾರ ಕೇಳುತ್ತ ಕೂರುವ ಹೊತ್ತಲ್ಲ ಇದು. ನಿನ್ನ ಎರಡು ಕಾಗದ ಬಂದರೂ ಒಂದಕ್ಕೂ ಬರೆಯಲಿಲ್ಲ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಈ ಕಾಗದ ತಂದವಳನ್ನು ಮೊದಲು ಒಳಗೆ ಕರೆದು ಕೂಡಿಸು. ನೀರು ಕೊಡು. ಆಮೇಲೆ ಓದು.

ಮಾಘದಲ್ಲಿ ಹೊಳೆ ಇಳಿದಾಗ ಕಾಮಣ್ಣನ ಹರಿಗೋಲಿನಲ್ಲಿ ಬಂಡೆಯವರೆಗೆ ಬಂದು, ಅಲ್ಲಿಂದ ನೀರಿನಲ್ಲಿ ನಡೆದು ಒಬ್ಬ ತರುಣ ಬಂದ. ಹೆಸರು ಪದ್ಮರಾಜ, ಜಮಖಂಡಿಯಲ್ಲಿ ಸಾಲಿ ಮಾಸ್ತರ. ಪಾರಿಸಪ್ಪಜ್ಜನ ತಮ್ಮನ ಮೊಮ್ಮಗ. ಅವನ ಅಜ್ಜಿ ಸಾಯುವಾಗ, "ಹೊಳಿ ನಡುವ ನಮ್ಮ ಭಾವ ಅದಾರ, ಒಮ್ಮೆ ಹೋಗಿ ಮಾತಾಡಿಸಿ ಬಾ" ಎಂದಿದ್ದಳಂತೆ. ಅಜ್ಜ ದೂರದಿಂದ ನೋಡಿದ, ಗುಡಿಸಲಿನ ಕಡೆ ಕೈ ತೋರಿಸಿದ. ಹುಡುಗ ಬೇಸರಿಸದೆ ಹೋಗಿ ಕೂತ.

ಗುಡಿಸಲಿನ ಈಚೆ ಸುಣ್ಣ ಬಳಿದ ಕಲ್ಲುಗಳ ಸಾಲು ನಿನಗೆ ಗೊತ್ತಲ್ಲ. ನಾನೂ ಬನಶಂಕರಿಯೂ ಊಟ ಒಯ್ದು ಕಲ್ಲಿನ ಈಚೆ ಕೂರುತ್ತಿದ್ದೆವು, ಅವನು ಆಚೆ. ಮಕ್ಕಳೂ ಬರುತ್ತಿದ್ದವು. ಒಂದು ದಿನ ಅವನು ಮಕ್ಕಳನ್ನು ಕೇಳಿದ:

"ಯಾವ ಜಾತಿಯವರೋ ನೀವು?"

"ಗಡ್ಡಿಯವರು."

"ಅದು ಊರಾತು. ಜಾತಿ?"

"ಅದೂ ಗಡ್ಡಿನ."

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ ನನ್ನನ್ನು ನೋಡಿದ. "ಹೀರವ್ವಾರ, ಈ ಉತ್ತರ ದಂಡಿ ಮ್ಯಾಲ ನಡ್ಯೂದಿಲ್ರಿ" ಎಂದ.

ಇನ್ನೊಂದು ದಿನ ಮರಾಠಿ ಮಾಸಿಕವೊಂದರಲ್ಲಿ ಓದಿದ ಸಂಗತಿ ಹೇಳಿದ. ಮುಂದೊಂದು ಕಾಲಕ್ಕೆ ಮನುಷ್ಯರು ಆಕಾಶದಲ್ಲಿ ಹಡಗು ನಡೆಸಿ ಬೇರೆ ನಕ್ಷತ್ರಕ್ಕೆ ಹೋಗಬಹುದೆಂದು ಯಾರೋ ಪಂಡಿತರು ಲೆಕ್ಕ ಹಾಕಿದ್ದಾರಂತೆ. ದಾರಿ ಎಷ್ಟು ಉದ್ದವೆಂದರೆ ಹೊರಟವರು ಮುಟ್ಟುವುದಿಲ್ಲ. ಹಡಗಿನಲ್ಲಿಯೇ ಬೆಳೆ ಬೆಳೆದು, ಮದುವೆ ಮಾಡಿ, ಮಕ್ಕಳನ್ನು ಹೆತ್ತು, ಸತ್ತು, ಮೊಮ್ಮಕ್ಕಳ ಮೊಮ್ಮಕ್ಕಳು ಮುಟ್ಟುತ್ತಾರೆ. "ಹತ್ತಿದವರು ಇಳಿಯೂದಿಲ್ಲ, ಇಳಿಯೋರು ಹತ್ತಿರೂದಿಲ್ಲ. ನಿಮ್ಮನ್ನ ನೋಡಿ ಅದು ನೆನಪಾತ್ರಿ" ಎಂದ.

ನಾನು ಕೇಳಿದೆ: "ನಡುವ ಹುಟ್ಟಿ ನಡುವ ಸಾಯೋರು? ಅವರನ್ನ ಯಾರರೆ ಕೇಳಿದ್ರೇನು, ಬರ್ತೀರೇನು ಅಂತ?"

ಬನಶಂಕರಿ ಮಾತ್ರ, "ಅಲ್ಲಿ ನೀರಿಗೆ ಎಲ್ಲಿ ಹೋಗ್ತಾರ್ರಿ?" ಎಂದು ಕೇಳಿದಳು. ಆಕೆಗೆ ಅದು ಕಥೆಯಾಗಿ ಕೇಳಿಸಲೇ ಇಲ್ಲ. ನೀರು, ಬೀಜ, ನೂಲು, ಗಂಡು ಹೆಣ್ಣು, ಇವನ್ನೆಲ್ಲ ಹೇಗೆ ಹೊಂದಿಸುತ್ತಾರೆಂದು ಒಂದೊಂದೇ ಕೇಳಿದಳು. ನಮ್ಮ ಮನೆಯ ಸಂಸಾರದ ಮಾತಿನ ಹಾಗೆ.

ಆಮೇಲೆ ಅವನಿಗೆ ಜ್ವರ ಬಂತು. ಹಲ್ಲು ಕಟಕಟ ಎನ್ನುವ ಚಳಿ. ಕರೆವ್ವ ನೋಡಿ ಬಂದು "ಬಂತಬೇ" ಎಂದು ಒಂದೇ ಮಾತು ಅಂದಳು. ಏನು ಬಂತೆಂದು ಯಾರೂ ಕೇಳಲಿಲ್ಲ. ಮಗ್ಗಗಳು ನಿಂತವು. ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಗಡ್ಡೆಯ ತಲೆಯ ಕಡೆಗೆ ಹೋದರು. ಪ್ಲೇಗನ್ನು ಕಣ್ಣಿನಿಂದ ಕಂಡವರು ಈಗ ಇಬ್ಬರೋ ಮೂವರೋ. ಆದರೂ ಕಾಣದವರು ಕಂಡವರ ಹಾಗೆಯೇ ಮಕ್ಕಳ ತೊಡೆಸಂದಿಯಲ್ಲಿ ಗಂಟು ತಡಕುತ್ತಿದ್ದರು. ಹೆದರಿಕೆಗೂ ವಂಶ ಇರುತ್ತದೆಂದು ಅಂದು ಕಂಡೆ.

ಯಾರೂ ಕಲ್ಲು ದಾಟಬಾರದೆಂದು ಅಜ್ಜನ ಅಪ್ಪಣೆ. ಗಿರಮಲ್ಲಪ್ಪ ಎಂದೂ ಎದುರು ಮಾತಾಡದವನು, "ನಿಮ್ಮ ತಮ್ಮನ ಮೊಮ್ಮಗ ಅದಾನ್ರಿ ಅವ" ಎಂದ.

"ಅದಕ್ಕ ಹೇಳಾಕತ್ತೇನಿ," ಎಂದ ಅಜ್ಜ. "ನನ್ನ ರಕ್ತಕ್ಕ ಬಾಗಲಾ ತಗದ್ರ ಇನ್ಯಾರ ರಕ್ತಕ್ಕ ಮುಚ್ಚಲಿ?"

ನಾನು ಹತ್ತು ಸಲ ಹೇಳಿದೆ. "ಒಂದ್ ದಿನ ಬಿಟ್ಟು ಒಂದ್ ದಿನ ಬರೋ ಚಳಿಜ್ವರ ಅದು. ಗಡ್ಡಿಯಾಗ ಯಾರಿಗೆ ಬಂದಿಲ್ಲ?"

"ಗೊತ್ತೈತಿ."

"ಗೊತ್ತಿದ್ರ ಮತ್ತ?"

"ನನಗ ಗೊತ್ತಿದ್ರ ಆತೇನು ಹೀರಾ? ಅಂಜಿಕಿಯ ಮೊಳಿ ಹೊಡದು ಕಟ್ಟಿದ ನಾವಿ ಇದು. ಮೊಳಿ ಕಿತ್ತರ ಹಲಗಿ ನಿಲ್ತಾವೇನು?"

ಮಟಮಟ ಮಧ್ಯಾಹ್ನ. ಬಿಸಿಲಿಗೆ ಕಲ್ಲುಗಳು ಕಣ್ಣಿಗೆ ಚುಚ್ಚುತ್ತಿದ್ದವು. ಗುಡಿಸಲಿನಿಂದ ನೀರು, ನೀರು ಎಂಬ ದನಿ ಕೇಳುತ್ತಿತ್ತು. ಅನುಸೂಯಾ, ನನ್ನ ಕಿವಿಗೆ ಅದು ನಿನ್ನ ದನಿ. ಹದಿನೆಂಟು ವರ್ಷದಿಂದ ಆ ಗುಡಿಸಲಿನ ಕಡೆಯಿಂದ ಗಾಳಿ ಬಂದರೆ ಸಾಕು, ನೀನು ನೀರು ಕೇಳುತ್ತೀಯ. ಬನಶಂಕರಿ ನನ್ನ ಪಕ್ಕದಲ್ಲಿ ನಿಂತಿದ್ದಳು.

"ಅವ್ವಾ, ಯಾರೂ ಹೋಗೂದಿಲ್ಲೇನು?"

ಆಕೆ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು. ಹಿತ್ತಲಿಗೆ ಹೊರಟವಳ ಹಾಗೆ ಕಲ್ಲು ದಾಟಿದಳು. ಹಿಂದೆ ಯಾರೋ ಗಟ್ಟಿಯಾಗಿ ಅತ್ತರು. ನಾನು ಅಳಲಿಲ್ಲ. ನನ್ನ ಕೈ ಯಾರೂ ಹಿಡಿದಿರಲಿಲ್ಲ ಈ ಸಲ, ಕಾಲೂ ಮುಂದೆ ಬಂದಿತ್ತು. ಆಕೆಯೇ ತಿರುಗಿ, "ನೀ ಅಲ್ಲೇ ಇರು. ಕರೆವ್ವ ಕಾಕುಗ ದಿನಾ ತುಂಬ್ಯಾವು, ಬಾಣೆಂತನಾ ಯಾರು ಮಾಡ್ತಾರ?" ಎಂದಳು.

ಜ್ವರ ಇಳಿಯಿತು. ಚಳಿಜ್ವರವೇ ಆಗಿತ್ತು. ಇಬ್ಬರೂ ಗುಡಿಸಲಿನ ಹೊರಗೆ ಬಿಸಿಲಿಗೆ ಕೂತು ಹುರಿದ ಸೇಂಗಾ ತಿನ್ನುತ್ತಿದ್ದುದನ್ನು ಎಲ್ಲರೂ ಕಂಡರು. ಆದರೆ ಕಲ್ಲು ದಾಟಿದವರು ದಾಟಿದವರೇ. ಅಷ್ಟರಲ್ಲಿ ಅಮಾವಾಸ್ಯೆ ಬಂತು.

ಸೂರ್ಯ ಮುಳುಗುವ ಹೊತ್ತಿಗೆ ಎಲ್ಲರೂ ನೀರಿನ ಅಂಚಿಗೆ ನಿಂತೆವು. ಗುಡಿಸಲು ಅಲ್ಲಿಂದ ಒಂದು ಕೂಗಿನ ದೂರ, ಬನಶಂಕರಿ ಕಲ್ಲಿನ ಆಚೆ ನಿಂತಿದ್ದಳು. ಅಜ್ಜ ಹೆಸರು ಕೂಗತೊಡಗಿದ. ತನ್ನ ಹೆಂಡತಿ, ತನ್ನ ಮೂವರು ಮಕ್ಕಳು, ನಮ್ಮ ಅಪ್ಪಂದಿರು, ರಬಕವಿಯ ಇಡೀ ಓಣಿ. ಪ್ರತಿ ಹೆಸರಿಗೆ ನೀರು ಬಿಟ್ಟೆವು. ನಿನ್ನ ಹೆಸರು ಬಂತು. ಕೈ ಒರೆಸಿಕೊಳ್ಳುವ ಹೊತ್ತಿಗೆ ಅಜ್ಜ ಇನ್ನೂ ಒಂದು ಹೆಸರು ಕೂಗಿದ.

"ಬನಶಂಕರಿ. ರಾಚಪ್ಪನ ಮಗಳು."

ಯಾರ ಬಾಯಿಂದಲೂ 'ಹೋದಳು' ಹೊರಡಲಿಲ್ಲ. ಕಲ್ಲಿನ ಆಚೆಯಿಂದ ದನಿ ಬಂತು: "ಅಜ್ಜಾ, ನಾ ಇಲ್ಲೇ ಅದೀನ್ರಿ."

ಒಬ್ಬರೂ ತಿರುಗಿ ನೋಡಲಿಲ್ಲ. ಮಕ್ಕಳು ತಾಯಂದಿರ ಸೆರಗಿನಲ್ಲಿ ಮುಖ ಮುಚ್ಚಿಕೊಂಡವು, ಸತ್ತವಳು ಮಾತಾಡಿದಳೆಂದು. ಆಕೆ ಮತ್ತೊಮ್ಮೆ ಹೇಳಿದಳು, ಸಣ್ಣ ದನಿಯಲ್ಲಿ. ಅಜ್ಜ ಒಬ್ಬನೇ ಕೈ ಬಗ್ಗಿಸಿ ನೀರು ಬಿಟ್ಟ. ನೀರು ಹೊಳೆಗೆ ಬೀಳದೆ ಅವನ ಧೋತರದ ಮೇಲೆಯೇ ಬಿತ್ತು.

ನಾನು ಕಲ್ಲಿನ ಹತ್ತಿರ ಹೋಗಿ ಎಲ್ಲ ಹೇಳಿದೆ. ಆಕೆಯ ಹೆಸರಿಗಿಂತ ಮೊದಲು ಕರೆದ ಹೆಸರು ಆಕೆಯನ್ನು ಹೆತ್ತವಳದು, ಇದೇ ಗುಡಿಸಲಿನಲ್ಲಿ ಮಲಗಿದ್ದಳು, ಸತ್ತಿಲ್ಲ, ಬೀಳಗಿಯಲ್ಲಿದ್ದಾಳೆ ಎಂದೆ. ಆಕೆ ಗುಡಿಸಲಿನ ಬಾಗಿಲನ್ನು ಒಮ್ಮೆ ತಿರುಗಿ ನೋಡಿದಳು. ಆಮೇಲೆ ಕೇಳಿದಳು: "ಹಂಗಾರ ಇಲ್ಲಿ ಸತ್ತವರೆಲ್ಲಾ ಬೀಳಗಿಯಾಗ ಇರ್ತಾರೇನು?"

ಆಕೆಯನ್ನು ನಾನೇ ಕಳಿಸುತ್ತಿದ್ದೇನೆ. ಪದ್ಮರಾಜ ಬೀಳಗಿಯವರೆಗೆ ತಲುಪಿಸುತ್ತೇನೆಂದು ಒಪ್ಪಿದ್ದಾನೆ, ತಂಗಿಯ ಹಾಗೆ ನೋಡಿಕೊಳ್ಳುತ್ತಾನೆ. ನೀನು ಒಂದಿಷ್ಟು ನೆನಪಿಡು. ಆಕೆ ನಾಯಿ ನೋಡಿಲ್ಲ, ಬೊಗಳಿದರೆ ಹೆದರುತ್ತಾಳೆ, ನಗಬೇಡ. ಸಂಜೆ ಊರಲ್ಲಿ ಹೊಗೆ ಎದ್ದಾಗ ಸುಮ್ಮನಾಗುತ್ತಾಳೆ. ಆಗ ಒಲೆಯ ಮುಂದೆ ಕೂಡಿಸಿಕೊ, ಹೊಗೆ ಎಲ್ಲಿಂದ ಬರುತ್ತದೆಂದು ತಾನೇ ನೋಡಲಿ. ಗುರೆಳ್ಳು ಚಟ್ನಿ ಇದ್ದರೆ ಬೇರೇನೂ ಬೇಡ. ಯಾರಾದರೂ ಜಾತಿ ಕೇಳಿದರೆ ಆಕೆ ಖರೆ ಹೇಳಿಬಿಡುತ್ತಾಳೆ. ಅದಕ್ಕೆ ಏನು ಮಾಡಬೇಕೆಂದು ನನಗೆ ತಿಳಿಯದು. ಹದಿನೆಂಟು ವರ್ಷ ದಂಡೆಯಲ್ಲಿ ಬದುಕಿದವಳು ನೀನು, ನಿನಗೆ ಗೊತ್ತಿರಬೇಕು.

ಇಬ್ಬರನ್ನೂ ದೇವರು ಕಾಯಲಿ.

ಹೀರಾ

*

ನಡುಗಡ್ಡೆ
ವಿಕ್ರಮ ಸಂವತ್ಸರ, ವೈಶಾಖ ಶುದ್ಧ ದಶಮಿ (ಇಸವಿ 1940)

ಪ್ರೀತಿಯ ಅನುಸೂಯಾಳಿಗೆ ಹೀರಾಳ ನಮಸ್ಕಾರ.

ವರ್ಷದ ಮೇಲಾಯಿತು ನಾನು ನಿನಗೆ ನೆಟ್ಟಗೆ ಬರೆದು. ಕಾಮಣ್ಣನ ಬಾಯಲ್ಲಿ 'ಆರಾಮ' ಎಂದು ಹೇಳಿ ಕಳಿಸಿದ್ದು ಬಿಟ್ಟರೆ ಏನೂ ಇಲ್ಲ. ತಪ್ಪು ತಿಳಿಯಬೇಡ. ಇಲ್ಲಿ ಒಂದಾದ ಮೇಲೊಂದು ನಡೆದದ್ದನ್ನು ಬರೆಯಲು ಕೈ ಸಮಾಧಾನಕ್ಕೆ ಬರಬೇಕಾಗಿತ್ತು.

ಬನಶಂಕರಿ ಹಿಪ್ಪರಗಿ ಕಡೆ ದಂಡೆಗೆ ಕಾಲಿಟ್ಟಾಗ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಒದ್ದೆ ಸೀರೆಗಳನ್ನು ನೀರಲ್ಲೇ ಬಿಟ್ಟು ಓಡಿದರಂತೆ, ಗಡ್ಡೆಯ ದೆವ್ವ ಬಂತೆಂದು. ಹೊಳೆಯಲ್ಲಿ ಹರಿದುಹೋಗುತ್ತಿದ್ದ ಸೀರೆಗಳನ್ನು ಆಕೆಯೇ ಮೊಳಕಾಲು ನೀರಿಗಿಳಿದು ಹಿಡಿದು, ಹಿಂಡಿ, ಬಂಡೆಯ ಮೇಲೆ ಹರವಿ ಹೋದಳಂತೆ. ಕಾಮಣ್ಣ ಇದನ್ನು ಹೇಳುವಾಗ ನಗುತ್ತಿದ್ದ. ನಾವು ಅವರನ್ನು ಸತ್ತವರೆಂದು ತಿಳಿದಿದ್ದೆವು, ಅವರು ನಮ್ಮನ್ನು. ನಡುವೆ ಇದ್ದದ್ದು ಒಂದು ಹೊಳೆ.

ಆಕೆ ಹೋದ ಮೇಲೆ ಪಾರಿಸಪ್ಪಜ್ಜ ಎದ್ದು ಓಡಾಡಲಿಲ್ಲ. ಊಟ ಕಡಿಮೆ ಮಾಡಿದ. ದಂಡೆಯ ಕಡೆಯ ಕಿಟಕಿ ಮುಚ್ಚಿಸಿದ. ಮುಚ್ಚಿದ ಕಿಟಕಿಯನ್ನೇ ನೋಡುತ್ತ, "ಬಂಡಿ ಬಂದ್ವು ನೋಡು, ಎರಡೆತ್ತಿನ ಬಂಡಿ. ಮ್ಯಾಲಿನ ಕೌದಿ ಸರೀತು, ಮುಚ್ಚ್ರೋ" ಎನ್ನುತ್ತಿದ್ದ. ತೇರದಾಳದ ಬೀದಿಯಲ್ಲಿ ಕಂಡ ಹೆಣದ ಬಂಡಿಗಳು. ನಾವೆಲ್ಲ ಆ ಬಂಡಿಗಳನ್ನು ಕಾಣದೆ ಬೆಳೆಯಲೆಂದು ಹೊಳೆ ದಾಟಿಸಿದವನು, ತಾನು ಮಾತ್ರ ಅವನ್ನು ಹಿಂದೆಯೇ ಕಟ್ಟಿಕೊಂಡು ಬಂದಿದ್ದ. ಅವನ ಮೇಲೆ ನನಗಿದ್ದ ಸಿಟ್ಟು ದಿನಾ ಅವನ ಬಾಯಿಗೆ ಗಂಜಿ ಹಾಕುತ್ತ ಹಾಕುತ್ತ ಎಲ್ಲಿ ಹೋಯಿತೋ. ನಿನಗೆ ಇದು ಓದಲು ಕಷ್ಟವಾಗಬಹುದು.

ಕಡೆಯ ದಿನಗಳಲ್ಲಿ ಬುದ್ಧಿ ತಿಳಿಯಾಯಿತು. ಒಂದು ಮುಂಜಾನೆ ನನ್ನ ಕೈ ಹಿಡಿದು, "ಹೀರಾ, ನಾ ಇವರನ್ನ ಉಳಿಸಿದ್ನೋ, ಹಿಡದ ಇಟಗೊಂಡ್ನೋ?" ಎಂದ.

ಸುಳ್ಳು ಹೇಳಲು ಬರಲಿಲ್ಲ. "ಎರಡೂ ಮಾಡೀರಿ ಅಜ್ಜಾ" ಎಂದೆ. ತಲೆ ಆಡಿಸಿದ. ಮರುದಿನದಿಂದ ಅನ್ನ ನೀರು ಬಿಟ್ಟ, ಅವರ ಜೈನ ಧರ್ಮದ ಪ್ರಕಾರ. ಶಾಂತವಾಗಿ ಹೋದ.

ಅವನು ಹೋದ ಮೇಲೆ ದಂಡೆಯ ಕರೆ ಮೊದಲು ಕರೆವ್ವನಿಗೇ ಬಂತು. ಆಕೆ ಯಾರನ್ನೂ ಕೇಳದೆ ಗಂಡ, ರೇವಪ್ಪ, ಮಗಳು, ನಾನು ಹೆರಿಗೆ ಮಾಡಿಸಿದ ಕೂಸು, ಎಲ್ಲರನ್ನೂ ಕಟ್ಟಿಕೊಂಡು ದಂಡೆಗೆ ಹೊರಟಳು. ಹೋಗಲಿ, ಬದುಕಲಿ ಎಂದು ನಾವೆಲ್ಲ ನೋಡುತ್ತ ನಿಂತೆವು. ಸಂಕ್ರಮಣಕ್ಕೆ ಮೊದಲೇ ತಿರುಗಿ ಬಂದರು. ಮೊದಲು ರೊಟ್ಟಿ ಕೊಟ್ಟರಂತೆ, ಕೆಲಸವನ್ನೂ ಕೊಟ್ಟರಂತೆ. ಆಮೇಲೆ ಒಬ್ಬ ಜಾತಿ ಕೇಳಿದ. ಮರುದಿನ ಬಾವಿಯ ಹಗ್ಗ ಮುಟ್ಟಬೇಡ ಎಂದರು. ರಬಕವಿಯಲ್ಲಿ ನೇಕಾರರ ಓಣಿಯಲ್ಲಿ ಕೇಳಿದರೆ, ನಿಮ್ಮ ಅಜ್ಜನ ಮನೆ ಇದ್ದದ್ದು ಖರೆ, ಆದರೆ ನೀವು ಯಾರು ಎಂದರಂತೆ.

ಕರೆವ್ವ ಸುಣ್ಣದ ಕಲ್ಲಿನ ಆಚೆ ಕೂಸನ್ನು ಕಂಕುಳಲ್ಲಿಟ್ಟು ನಿಂತು, "ಒಳಗ ಬರಲೇನ್ರಿ?" ಎಂದು ಕೇಳಿದಳು. ಹುಟ್ಟಿದ ನೆಲಕ್ಕೆ ಅಪ್ಪಣೆ ಕೇಳುತ್ತಿದ್ದಳು. ಅಪ್ಪಣೆ ಕೊಡುವವನು ಸತ್ತಿದ್ದನಲ್ಲ. ಆಗ ಗಿರಮಲ್ಲಪ್ಪ ಮುಂದೆ ಹೋಗಿ, ಬಗ್ಗಿ, ಒಂದು ಕಲ್ಲು ಎತ್ತಿ ನೀರಿಗೆ ಎಸೆದ. ಇನ್ನೊಂದು ಎತ್ತಿದ. ಆಮೇಲೆ ಎಲ್ಲರೂ ಸೇರಿದರು. ಕಲ್ಲಿನ ಕೆಳಗೆ ಬಿಳಿ ಹುಲ್ಲು ಬೆಳೆದಿತ್ತು, ಬಿಸಿಲು ಕಾಣದ ಹುಲ್ಲು. ಅದನ್ನು ಕಂಡು ಯಾಕೋ ನನಗೆ ನಮ್ಮ ಮಕ್ಕಳು ನೆನಪಾದವು.

ಈಗ ನಮ್ಮಲ್ಲಿ ಒಂದೇ ಮಾತು. ಹೋಗುವವರು ಹೋಗಬಹುದು, ಬರುವವರು ಬರಬಹುದು. ಆದರೆ ಹೋಗುವುದು ಎಲ್ಲಿಗೆ? ಹೆದರಿಕೆ ಹೋದರೂ ಗಡ್ಡೆ ಖಾಲಿಯಾಗಲಿಲ್ಲ. ನಾವು ಇಲ್ಲಿಯೇ ಉಳಿಯಬೇಕೆಂದರೆ ನಮಗೆ ಮನುಷ್ಯರು ಬೇಕು, ಕೊಡುವವರು ಯಾರೆಂದು ಕೂತು ಕೂತು ಯೋಚಿಸಿದೆವು. ಕಡೆಗೆ ಕೊಟ್ಟವನು ಯಾರು ಹೇಳು? ಕಾಮಣ್ಣ. ಒಂದು ದಿನ ಬಂಡೆಯ ಹತ್ತಿರ ನಿಲ್ಲದೆ ಹರಿಗೋಲನ್ನು ಗಡ್ಡೆಯವರೆಗೆ ತಂದ. ಅವನ ಅಪ್ಪನ ಕಾಲದಿಂದ ಮೊದಲ ಸಲ ಇಲ್ಲಿ ಕಾಲೂರಿ, ತಲೆ ಕೆರೆದುಕೊಳ್ಳುತ್ತ ನಿಂತ.

"ಕರೆವ್ವಾರ ಮಗಳನ್ನ ನನ್ನ ಮಗಗ ಕೇಳಾಕ ಬಂದೀನ್ರಿ."

"ನಮ್ಮ ಜಾತಿ ನಿನಗ ಗೊತ್ತೈತೆಲ್ಲೋ ಕಾಮಣ್ಣಾ," ಎಂದ ಗಿರಮಲ್ಲಪ್ಪ.

"ಗೊತ್ತೈತ್ರಿ. ನಮ್ಮದೂ ನೀರಿನ ಜಾತಿ, ನಿಮ್ಮದೂ ನೀರಿನ ಜಾತಿ. ಹೋಗಿ ಬಂದು ಇರತಾರ. ಹೊಳಿ ಬಂದಾಗ ಇಲ್ಲಿ, ಇಳದಾಗ ಅಲ್ಲಿ."

ಹೋದ ತಿಂಗಳು ಮದುವೆಯಾಯಿತು. ಹುಡುಗಿಗೆ ಬಸಿರು ನಿಂತರೆ ಗಡ್ಡೆಯ ಹೊರಗಿನ ರಕ್ತದ ಮೊದಲ ಕೂಸು ನನ್ನ ಕೈಯಲ್ಲಿ ಹುಟ್ಟುತ್ತದೆ. ಕಿವಿ ಕೇಳುತ್ತದೆಯೋ ಇಲ್ಲವೋ ಎಂದು ನಾನು ಮೊದಲು ಚಿಟಿಕೆ ಹೊಡೆದು ನೋಡುತ್ತೇನೆ. ರೇವಪ್ಪ ತಂಗಿಯ ಮದುವೆಗೆಂದು ನೇಯ್ದ ಸೀರೆ ನೀನು ನೋಡಬೇಕಾಗಿತ್ತು.

ಈ ವರ್ಷದ ಅಮಾವಾಸ್ಯೆಗೆ ಹೆಸರು ಕೂಗುವ ಕೆಲಸ ನನಗೆ ಬಿತ್ತು. ಸತ್ತವರನ್ನಷ್ಟೇ ಕೂಗಿದೆ. ನಿನ್ನ ಹೆಸರು, ಮಗಳ ಹೆಸರು ತೆಗೆದೆ. ಮಕ್ಕಳು ಮಾತ್ರ ಇನ್ನೂ ಸಂಜೆ ಆ ಕಡೆಯ ಹೊಗೆ ಎಣಿಸುತ್ತವೆ. ಒಂದೆರಡನ್ನು ಕಾಮಣ್ಣನ ಮನೆಗೆ ಕರೆದೊಯ್ದು ಒಲೆ ತೋರಿಸಿ ಬಂದೆ. ನೋಡಿ ಬಂದು ಸುಮ್ಮನೆ ಕೂತವು, ಮತ್ತೆ ಎಣಿಸಿದವು. ಅದು ಹೋಗಲು ಇನ್ನೂ ಒಂದು ತಲೆಮಾರು ಬೇಕೇನೋ.

ಬನಶಂಕರಿ ಜಮಖಂಡಿ ದವಾಖಾನೆಯಲ್ಲಿ ಹೆರಿಗೆ ಮಾಡಿಸುವುದನ್ನು ಕಲಿಯುತ್ತಿದ್ದಾಳೆಂದು ಓದಿ ಬಹಳ ಸಂತೋಷವಾಯಿತು. ಅಲ್ಲಿಯೂ ಜಾತಿ ಕೇಳಿದವರಿಗೆ 'ಗಡ್ಡಿ' ಎಂದಳಂತೆ, ದೊಡ್ಡ ನರ್ಸಬಾಯಿಯವರು ನಕ್ಕು ಬರೆದುಕೊಂಡರಂತೆ. ಆಕೆಗೆ ಒಳ್ಳೆಯ ಬಟ್ಟೆ ಹೊಲಿಸಿದ್ದೀ, ತಲೆಗೆ ಎಣ್ಣೆ ಹಚ್ಚುತ್ತೀ, ಬಿಡುವಿದ್ದಾಗ ಹತ್ತಿರ ಕರೆಸಿಕೊಳ್ಳುತ್ತೀ. ನನಗೆ ಇದಕ್ಕಿಂತ ಹೆಚ್ಚು ಏನು ಬೇಕು? ನೀನು ನೂರು ಕಾಲ ಬಾಳು. ಮಗಳ ಕೈಯಿಂದ ನೂರು ಕೂಸು ಬೆಳಕು ಕಾಣಲಿ. ಹೊಳೆ ಇಳಿದಾಗ ಒಮ್ಮೆ ಇಬ್ಬರೂ ಬನ್ನಿ. ಈಗ ಯಾರೂ ತಡೆಯುವುದಿಲ್ಲ.

ನಿನ್ನ
ಹೀರಾ

ತಾಜಾ ಕಲಂ: ಮುಗಿಸಿ ಮಡಿಚಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನಿನ್ನ ಕಾಗದದ ಜೊತೆಗೆ ಮಗಳು ನನಗೆ ಬೇರೆಯಾಗಿ ಬರೆದದ್ದು ಮುಟ್ಟಿತು. ಅಕ್ಷರ ಎಷ್ಟು ದುಂಡಾಗಿವೆ. 'ತೀರ್ಥರೂಪ ಹೀರಾ ಅತ್ತೆಯವರಿಗೆ' ಎಂದು ಶುರು ಮಾಡಿದ್ದಾಳೆ. ಒಳಗೆ ಅವ್ವ ಎಂದು ಬಂದಲ್ಲೆಲ್ಲ ನಿನ್ನ ಮಾತೇ ಇದೆ, ಅವ್ವ ಹಾಗಂದಳು, ಅವ್ವ ಇದು ಮಾಡಿದಳು ಎಂದು. ಅದು ಸರಿಯೇ. ನೀನೇನೂ ಹೇಳಲು ಹೋಗಬೇಡ, ಆಕೆಯನ್ನು ತಿದ್ದಬೇಡ. ಗಿರಮಲ್ಲಪ್ಪನಿಗೆ ಈಗ ಕಣ್ಣಿಗೆ ಪೊರೆ ಬಂದಿದೆ, ಅಕ್ಷರ ಕಾಣುವುದಿಲ್ಲ. ಮಗಳ ಕಾಗದ ಬಂತೆಂದು ತಿಳಿದು ಹೊಲದಿಂದ ತಡವರಿಸುತ್ತ ಬಂದು, ಕೈಕಾಲು ತೊಳೆಯದೆ ಹೊಸ್ತಿಲ ಮೇಲೆ ಕೂತು, "ಓದ" ಎಂದ. 'ತೀರ್ಥರೂಪ ಅವ್ವನವರಿಗೆ' ಎಂದು ಓದಿದೆ. "ಇನ್ನೊಮ್ಮೆ ಓದ" ಎಂದ. ಇನ್ನೊಮ್ಮೆಯೂ ಹಾಗೆಯೇ ಓದಿದೆ.